1975ರ ಭಾರತಕ್ಕೆ ಏಳು ಅಂಕ

ದೇಶದೇಶಗಳ ಆಳ್ವಿಕೆಯ ಬಗೆಯನ್ನು ಅಂಕಗಳಲ್ಲಿ ಅಳೆದಿಟ್ಟ ದೊಡ್ಡ ಕೋಷ್ಟಕವೊಂದಿದೆ. ಅದರ ಹೆಸರು ‘ಪಾಲಿಟಿ’. 1800ನೆಯ ಇಸವಿಯಿಂದ 2018ರವರೆಗೆ, ಐದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ಸ್ವತಂತ್ರ ದೇಶಗಳಿಗೆ ವರ್ಷಕ್ಕೊಂದರಂತೆ ಸಾಲುಗಳು. ಆಡಳಿತ ಪೂರ್ತಿ ನಿರಂಕುಶವಾದರೆ ಮೈನಸ್ 10, ಪೂರ್ಣ ಪ್ರಜಾಪ್ರಭುತ್ವವಾದರೆ ಪ್ಲಸ್ 10. ಆರು ಅಥವಾ ಅದಕ್ಕಿಂತ ಹೆಚ್ಚು ಬಂದ ದೇಶವನ್ನು ಪ್ರಜಾಪ್ರಭುತ್ವವೆಂದು ಕರೆಯುವುದು ವಾಡಿಕೆ. ಇದರಲ್ಲಿ ಭಾರತದ ಸಾಲುಗಳ ಮೇಲೆ ಬೆರಳಿಟ್ಟು ಓದುತ್ತ ಹೋದರೆ 1950ರಿಂದ 1974ರವರೆಗೆ 9 ಎಂದಿದೆ. 1975ಕ್ಕೆ 7. 1976ಕ್ಕೂ 7. 1977ರಿಂದ 8, 1995ರಿಂದ ಮತ್ತೆ 9.

ಆ ಎರಡು ವರ್ಷಗಳಲ್ಲಿ ಏನಾಯಿತೆಂಬುದನ್ನು ಹಿರಿಯ ಓದುಗರಿಗೆ ಹೇಳಬೇಕಾಗಿಲ್ಲ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ ಮತ್ತು ಎಲ್.ಕೆ. ಅಡ್ವಾಣಿ ಅವರನ್ನು ಮರುದಿನವೇ ಬಂಧಿಸಿ ಇಲ್ಲಿನ ಕೇಂದ್ರ ಕಾರಾಗೃಹಕ್ಕೆ ಕಳಿಸಲಾಯಿತು. ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರೂ ಅಲ್ಲಿದ್ದರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ದೇಶದಾದ್ಯಂತ ಬಂಧಿತರಾದವರ ಸಂಖ್ಯೆ ಒಂದು ಲಕ್ಷವನ್ನು ಮೀರಿತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್ ಕುಳಿತಿತು. 1976ರ ಮಾರ್ಚಿಗೆ ಮುಗಿಯಬೇಕಿದ್ದ ತನ್ನ ಆಯುಸ್ಸನ್ನು ಲೋಕಸಭೆ ತಾನೇ ಬೆಳೆಸಿಕೊಂಡಿತು. ಹೀಗೆ ಬಂಧನದಲ್ಲಿದ್ದವರು ಬಿಡುಗಡೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲವೆಂದು ಅದೇ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ.

ಇಷ್ಟೆಲ್ಲ ಆದರೂ ಏಳು ಅಂಕ! ನಮ್ಮ ಶಾಲೆಗಳ ಲೆಕ್ಕದಲ್ಲಿ ಹೇಳುವುದಾದರೆ ಪ್ರಜಾಪ್ರಭುತ್ವದ ಪರೀಕ್ಷೆಯಲ್ಲಿ ಭಾರತ ಆಗಲೂ ಪಾಸು.

ಅಂಕ ಕೊಟ್ಟವರು ಕುರುಡರಾಗಿದ್ದರೆಂದು ಬೈದು ಮುಂದೆ ಹೋಗುವುದು ಸುಲಭ. ಆದರೆ ಈ ಏಳು ಹೇಗೆ ಬಂತೆಂದು ನೋಡಿದರೆ ಅದು ಯಾರದೋ ಉದಾಸೀನದಿಂದ ಬಂದದ್ದಲ್ಲ, ನಿಯಮಗಳಿಂದ ಬಂದದ್ದು ಎಂಬುದು ತಿಳಿಯುತ್ತದೆ. ‘ಪಾಲಿಟಿ’ಯ ಹತ್ತು ಪ್ರಜಾಪ್ರಭುತ್ವದ ಅಂಕಗಳು ಹಂಚಿಕೆಯಾಗಿರುವುದು ಹೀಗೆ: ಆಳುವವರನ್ನು ಸ್ಪರ್ಧೆಯಿಂದ ಆರಿಸಿದರೆ 2, ಆ ಸ್ಥಾನ ವಂಶಕ್ಕೆ ಮೀಸಲಾಗದೆ ಎಲ್ಲರಿಗೂ ತೆರೆದಿದ್ದರೆ 1, ಪಕ್ಷಗಳ ಸ್ಪರ್ಧೆ ನೆಲೆಗೊಂಡಿದ್ದರೆ 3, ಆಳುವವರ ಕೈಕಟ್ಟುವ ಸಂಸತ್ತು, ನ್ಯಾಯಾಲಯಗಳಂಥ ಸಂಸ್ಥೆಗಳಿದ್ದರೆ 4. ಪತ್ರಿಕಾ ಸ್ವಾತಂತ್ರ್ಯ, ವಿಚಾರಣೆಯಿಲ್ಲದ ಬಂಧನ, ಜೈಲುಗಳ ಸ್ಥಿತಿ ಇವುಗಳಿಗೆ ಪ್ರತ್ಯೇಕ ಕಲಮೇ ಇಲ್ಲ. ಕಲಮು ಇಲ್ಲದ್ದಕ್ಕೆ ಅಂಕ ಕಳೆಯುವುದು ಹೇಗೆ? ಇನ್ನೊಂದು ನಿಯಮ, ಪ್ರತಿ ವರ್ಷದ ಡಿಸೆಂಬರ್ 31ರಂದು ಯಾವ ಆಡಳಿತವಿತ್ತೋ ಅದೇ ಇಡೀ ವರ್ಷದ ಅಂಕ ಎಂಬುದು. ಹಾಗಾಗಿ 1975ರ ಮೊದಲ ಆರು ತಿಂಗಳೂ ತುರ್ತುಪರಿಸ್ಥಿತಿಯ ಲೆಕ್ಕಕ್ಕೆ ಸೇರಿದವು. 1977ರ ಮೊದಲ ಎಂಬತ್ತು ದಿನಗಳು ಅದರಿಂದ ತಪ್ಪಿಸಿಕೊಂಡವು. ಇಪ್ಪತ್ತೊಂದು ತಿಂಗಳು ನಡೆದದ್ದು ಕೋಷ್ಟಕದಲ್ಲಿ ಇಪ್ಪತ್ತನಾಲ್ಕು ತಿಂಗಳಾಗಿ ನಿಂತಿದೆ.

ಆಡಳಿತಗಳನ್ನು ಕೂಡಿಹಾಕಿ ಹೋಲಿಸುವ ಹವ್ಯಾಸ ಹೊಸದೇನಲ್ಲ. ಗ್ರೀಸಿನ ಅರಿಸ್ಟಾಟಲ್ ಮತ್ತು ಅವನ ಶಿಷ್ಯರು 158 ರಾಜ್ಯಗಳ ಸಂವಿಧಾನಗಳ ವಿವರ ಸಂಗ್ರಹಿಸಿದ್ದರೆಂಬ ಪ್ರತೀತಿಯಿದೆ. ಅಥೆನ್ಸಿನದೊಂದು ಮಾತ್ರ ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ಸಿಕ್ಕಿ 1891ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆದರೆ ಅರಿಸ್ಟಾಟಲ್ ವಿಂಗಡಿಸಿದನೇ ಹೊರತು ಅಂಕ ಕೊಡಲಿಲ್ಲ. ಅಂಕದ ಗೀಳು ಎರಡನೆಯ ಮಹಾಯುದ್ಧದ ನಂತರದ್ದು, ಹೆಚ್ಚಾಗಿ ಅಮೆರಿಕದ್ದು. 1945ರಲ್ಲಿ ರಸಲ್ ಫಿಟ್ಸ್‌ಗಿಬ್ಬನ್ ಎಂಬ ಪ್ರಾಧ್ಯಾಪಕರು ಲ್ಯಾಟಿನ್ ಅಮೆರಿಕದ ಇಪ್ಪತ್ತು ಗಣರಾಜ್ಯಗಳ ಪಟ್ಟಿ ಮಾಡಿ, ಆ ಪ್ರದೇಶ ಬಲ್ಲ ವಿದ್ವಾಂಸರಿಂದ ಅಂಕ ಹಾಕಿಸಿದರು. ಐದೈದು ವರ್ಷಕ್ಕೊಮ್ಮೆ ಇದು ನಡೆಯಿತು. ಅವರ ಪ್ರಶ್ನೆಗಳಲ್ಲಿ ಚುನಾವಣೆಯ ಜೊತೆಗೆ ಜನರ ಶಿಕ್ಷಣ, ಜೀವನಮಟ್ಟಗಳೂ ಸೇರಿದ್ದವು. ಹಾಗೆ ಅಂಕ ಹಾಕಿಸಿದ ಮೇಲೆ, ವಿದ್ಯಾವಂತ ದೇಶಗಳಲ್ಲಿ ಪ್ರಜಾಪ್ರಭುತ್ವ ಚೆನ್ನಾಗಿರುತ್ತದೆ ಎಂದು ಯಾರಾದರೂ ಕಂಡುಹಿಡಿದರೆ ಅದರಲ್ಲಿ ಆಶ್ಚರ್ಯವೇನು? ಪಾಯಸಕ್ಕೆ ಬೆಲ್ಲ ಹಾಕಿದವರೇ ರುಚಿ ನೋಡಿ ಸಿಹಿಯಾಗಿದೆ ಎಂದಂತೆ. ಈ ತೊಡಕು ಮುಂದೆಯೂ ಬರಲಿದೆ, ನೆನಪಿಟ್ಟುಕೊಳ್ಳಬೇಕು.

ಅಭಿಪ್ರಾಯ ಬೇಡ, ಎಣಿಕೆ ಬೇಕು ಎಂದವರು ಫಿಲಿಪ್ಸ್ ಕಟ್‌ರೈಟ್. 1963ರಲ್ಲಿ 77 ದೇಶಗಳನ್ನು ಹಿಡಿದು, ಸಂಸತ್ತಿನಲ್ಲಿ ಎರಡಾದರೂ ಪಕ್ಷಗಳಿದ್ದು ವಿರೋಧದವರಿಗೆ ಶೇಕಡ 30ರಷ್ಟಾದರೂ ಸ್ಥಾನಗಳಿದ್ದರೆ ಆ ವರ್ಷಕ್ಕೆ ಪೂರ್ತಿ ಅಂಕ ಎಂದರು. ನೇರವಾದ, ನಿಷ್ಪಕ್ಷಪಾತವಾದ ಅಳತೆಗೋಲು. ಇದನ್ನು ನಮ್ಮ ಮೊದಲ ಲೋಕಸಭೆಗೆ ಹಿಡಿದು ನೋಡೋಣ. 489 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 364. ಉಳಿದವರೆಲ್ಲ ಸೇರಿದರೂ ಶೇಕಡ 26 ದಾಟುವುದಿಲ್ಲ. ಜಗತ್ತಿನ ಅತಿ ದೊಡ್ಡ ಮತದಾನ ನಡೆಸಿ, ಓದುಬರಹ ಬಾರದವರಿಗೂ ಗುರುತಿನ ಪೆಟ್ಟಿಗೆಗಳನ್ನಿಟ್ಟು ಮತ ಹಾಕಿಸಿದ ದೇಶಕ್ಕೆ ಪೂರ್ತಿ ಅಂಕವಿಲ್ಲ! ಮತಗಳ ಲೆಕ್ಕದಲ್ಲಿ ನೋಡಿದರೆ ಅದೇ ಕಾಂಗ್ರೆಸ್ಸಿಗೆ ಬಂದದ್ದು ನೂರಕ್ಕೆ 45 ಮಾತ್ರ. 55 ವಿರೋಧವಾಗಿಯೇ ಬಿದ್ದಿದ್ದವು.

ಮತಗಳನ್ನೇ ಎಣಿಸೋಣ ಎಂದವರು ಫಿನ್ಲೆಂಡಿನ ತಾತು ವನ್ಹನೆನ್. ಅವರ ಸೂತ್ರವನ್ನು ಯಾರು ಬೇಕಾದರೂ ಕಾಗದದ ಮೇಲೆ ಮಾಡಬಹುದು. ಅತಿ ದೊಡ್ಡ ಪಕ್ಷದ ಶೇಕಡಾವಾರು ಮತವನ್ನು ನೂರರಿಂದ ಕಳೆಯಿರಿ, ಅದು ಸ್ಪರ್ಧೆ. ಒಟ್ಟು ಜನಸಂಖ್ಯೆಯಲ್ಲಿ ಶೇಕಡ ಎಷ್ಟು ಮಂದಿ ಮತ ಹಾಕಿದರೆಂದು ನೋಡಿ, ಅದು ಭಾಗವಹಿಕೆ. ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿ. 1951-52ರ ಭಾರತಕ್ಕೆ ಸ್ಪರ್ಧೆ 55. ಸುಮಾರು 36 ಕೋಟಿ ಜನರಲ್ಲಿ ಸುಮಾರು 10 ಕೋಟಿ 60 ಲಕ್ಷ ಮತ ಬಿದ್ದವು, ಅಂದರೆ ಭಾಗವಹಿಕೆ 29. ಉತ್ತರ ಸುಮಾರು 16. ಇದರಲ್ಲೂ ಒಂದು ಗುಟ್ಟಿದೆ. ಒಟ್ಟು ಜನಸಂಖ್ಯೆಯೆಂದಾಗ ತೊಟ್ಟಿಲಿನ ಕೂಸೂ ಲೆಕ್ಕಕ್ಕೆ ಬರುವುದರಿಂದ ಮಕ್ಕಳು ಹೆಚ್ಚಿರುವ ದೇಶ ತಾನಾಗಿಯೇ ಹಿಂದೆ ಬೀಳುತ್ತದೆ. ಮೇಲಾಗಿ ಈ ಅಂಕ ಬದಲಾಗುವುದು ಚುನಾವಣೆಯಿಂದ ಚುನಾವಣೆಗೆ. ಎರಡರ ನಡುವೆ ವಿರೋಧಿಗಳನ್ನೆಲ್ಲ ಜೈಲಿಗೆ ಹಾಕಿದರೂ ಸೂತ್ರ ತಾನಾಗಿ ಅದನ್ನು ಕಾಣುವುದಿಲ್ಲ.

‘ಪಾಲಿಟಿ’ಯನ್ನು ಶುರುಮಾಡಿದ ಟೆಡ್ ರಾಬರ್ಟ್ ಗರ್ ಅವರ ತಲೆಯಲ್ಲಿದ್ದದ್ದು ಬೇರೆಯೇ ಪ್ರಶ್ನೆ. ಜನ ಯಾಕೆ ದಂಗೆಯೇಳುತ್ತಾರೆಂಬುದರ ಬಗ್ಗೆ 1970ರಲ್ಲಿ ಹೆಸರಾದ ಗ್ರಂಥ ಬರೆದವರು ಅವರು. ಎಂಥ ಆಡಳಿತ ಬಹುಕಾಲ ಬಾಳುತ್ತದೆ, ಎಂಥದು ಬೇಗ ಬೀಳುತ್ತದೆ ಎಂಬುದನ್ನು ತಿಳಿಯಲು ಇತಿಹಾಸ ಗ್ರಂಥಗಳ ಆಧಾರದ ಮೇಲೆ 1800ರಿಂದ 1971ರವರೆಗಿನ ಆಡಳಿತಗಳನ್ನು ಅಂಕಕ್ಕಿಳಿಸಿ 1974ರಲ್ಲಿ ಪ್ರಕಟಿಸಿದರು. ಆಳುವ ಯಂತ್ರ ಹೇಗೆ ಕಟ್ಟಲ್ಪಟ್ಟಿದೆ ಎನ್ನುವುದು ಅವರಿಗೆ ಬೇಕಿತ್ತು; ಅದರ ಕೆಳಗೆ ಎಷ್ಟು ಜನಕ್ಕೆ ಮತವಿದೆ ಎನ್ನುವುದಲ್ಲ. ಮುಂದೆ ಜಗತ್ತು ಆ ಕೋಷ್ಟಕವನ್ನು ಪ್ರಜಾಪ್ರಭುತ್ವದ ಅಳತೆಯಾಗಿ ಬಳಸತೊಡಗಿತು. ಫಲ ಏನೆಂದರೆ, ಅದರಲ್ಲಿ ಸ್ವಿಟ್ಜರ್ಲೆಂಡಿಗೆ 1848ರಿಂದಲೇ ಹತ್ತಕ್ಕೆ ಹತ್ತು. ಅಲ್ಲಿನ ಹೆಂಗಸರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಮತದ ಹಕ್ಕು ಸಿಕ್ಕಿದ್ದು 1971ರಲ್ಲಿ! ವರ್ಣಭೇದ ನೀತಿಯ ದಕ್ಷಿಣ ಆಫ್ರಿಕ ಕೂಡ, ಬಿಳಿಯರೊಳಗೆ ಸ್ಪರ್ಧೆಯಿತ್ತೆಂಬ ಕಾರಣಕ್ಕೆ, ಸೊನ್ನೆಗಿಂತ ಮೇಲೆಯೇ ಇತ್ತು. ಕಣದಲ್ಲಿ ರಾಶಿ ಅಳೆಯುವಾಗ ಕೊಳಗದ ಬಾಯಿಗೆ ಕೋಲೆಳೆದು ಮಟ್ಟ ಮಾಡುವುದೋ, ತಲೆತುಂಬ ಬಿಡುವುದೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಒಂದೇ ರಾಶಿ ಇಬ್ಬರ ಲೆಕ್ಕದಲ್ಲಿ ಬೇರೆಬೇರೆಯಾಗುತ್ತದೆ. ಗರ್ ತಮ್ಮ ಕೊಳಗ ಯಾವುದೆಂದು ಹೇಳಿಯೇ ಇದ್ದರು. ಕೇಳಿಸಿಕೊಂಡವರು ಕಡಿಮೆ.

ಪೌರಸ್ವಾತಂತ್ರ್ಯಕ್ಕೆ ಕಲಮು ತೆರೆದದ್ದು ನ್ಯೂಯಾರ್ಕಿನಲ್ಲಿ 1941ರಲ್ಲಿ ಹುಟ್ಟಿದ ‘ಫ್ರೀಡಮ್ ಹೌಸ್’. 1970ರ ದಶಕದ ಆರಂಭದಿಂದ ಅದು ವರ್ಷವರ್ಷವೂ ಹೊರತರುತ್ತಿರುವ ಸಮೀಕ್ಷೆಯನ್ನು ಮೊದಲ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ರೇಮಂಡ್ ಗ್ಯಾಸ್ಟಿಲ್ ಎಂಬ ವಿದ್ವಾಂಸರು ಬಹುಮಟ್ಟಿಗೆ ಒಬ್ಬರೇ ನಡೆಸಿದರು. ಒಬ್ಬ ಮನುಷ್ಯ ಮೇಜಿನ ಮುಂದೆ ಕೂತು ಜಗತ್ತಿನ ದೇಶಗಳಿಗೆಲ್ಲ ಅಂಕ ಹಾಕುವುದೆಂದರೆ ಧೈರ್ಯವೋ ಭಂಡತನವೋ, ಓದುಗರೇ ತೀರ್ಮಾನಿಸಲಿ. ಆದರೆ ತುರ್ತುಪರಿಸ್ಥಿತಿಯನ್ನು ಈ ಸಮೀಕ್ಷೆ ಗುರುತಿಸಿತು. ಭಾರತ ‘ಸ್ವತಂತ್ರ’ ದರ್ಜೆಯಿಂದ ‘ಭಾಗಶಃ ಸ್ವತಂತ್ರ’ಕ್ಕೆ ಇಳಿಯಿತು, 1977ರಲ್ಲಿ ಮತ್ತೆ ಏರಿತು, 1990ರ ದಶಕದ ಪೂರ್ವಾರ್ಧದಲ್ಲಿ ಇನ್ನೊಮ್ಮೆ ಇಳಿಯಿತು. ಈ ಸಂಸ್ಥೆಗೆ ಅಮೆರಿಕ ಸರ್ಕಾರದ ಹಣ ಬಹುಕಾಲ ಬಂದಿದೆ. ಅಮೆರಿಕದ ಮಿತ್ರರಿಗೆ ಒಂದು ಕಣ್ಣು, ಶತ್ರುಗಳಿಗೆ ಇನ್ನೊಂದು ಕಣ್ಣು ಎಂಬ ಆಕ್ಷೇಪವೂ ಅಷ್ಟೇ ಹಳೆಯದು.

ಈ ಕೋಷ್ಟಕಗಳನ್ನು ಒಟ್ಟುಗೂಡಿಸಿ ಲೆಕ್ಕ ಮಾಡುವವರಿಗೆ ಎದುರಾಗುವ ಕಷ್ಟ ಇನ್ನೊಂದು ಬಗೆಯದು. ‘ಫ್ರೀಡಮ್ ಹೌಸ್’ನ ಮೂಲ ಅಳತೆಯಲ್ಲಿ 1 ಅತ್ಯುತ್ತಮ, 7 ಅತಿ ಕನಿಷ್ಠ. ‘ಪಾಲಿಟಿ’ಯಲ್ಲಿ ಏರಿದಷ್ಟೂ ಒಳ್ಳೆಯದು. ಒಂದನ್ನು ತಿರುಗಿಸದೆ ಎರಡನ್ನೂ ಕೂಡಿದರೆ ಸರ್ವಾಧಿಕಾರಿಗಳೂ ಜನನಾಯಕರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ದೇಶಗಳಿಗೆ ಕೊಟ್ಟ ಗುರುತಿನ ಸಂಖ್ಯೆಗಳೂ ಹಾಗೆಯೇ. ಯುದ್ಧಗಳ ಬಗ್ಗೆ ಅಧ್ಯಯನ ಮಾಡುವವರ ಪ್ರಸಿದ್ಧ ಪಟ್ಟಿಯಲ್ಲಿ ಸೋವಿಯತ್ ಒಕ್ಕೂಟಕ್ಕೂ ರಷ್ಯಕ್ಕೂ 365 ಒಂದೇ ಸಂಖ್ಯೆ. ‘ಪಾಲಿಟಿ’ಯಲ್ಲಿ ಸೋವಿಯತ್ತಿಗೆ 364. ಕಣ್ಣುಮುಚ್ಚಿ ಜೋಡಿಸಿದರೆ ಸ್ಟಾಲಿನ್ನನ ಕಾಲವೇ ಲೆಕ್ಕದಿಂದ ಮಾಯ.

ಸ್ವತಂತ್ರ ದೇಶವಲ್ಲದ್ದಕ್ಕೆ ‘ಪಾಲಿಟಿ’ಯಲ್ಲಿ ಸಾಲೇ ಇಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆ, ಅದರ ಅಧಿಕಾರ ಎಷ್ಟೇ ಸೀಮಿತವಾಗಿರಲಿ, ಈ ಕೋಷ್ಟಕದ ಮಟ್ಟಿಗೆ ನಡೆದೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಗುಂಡಿ ಎಂದರೆ ಅಂಕವಲ್ಲದ ಅಂಕಗಳು. ದೇಶವನ್ನು ಪರಸೈನ್ಯ ಆಕ್ರಮಿಸಿಕೊಂಡಿದ್ದರೆ ‘ಪಾಲಿಟಿ’ ಮೈನಸ್ 66 ಎಂದು ಬರೆಯುತ್ತದೆ. ಸರ್ಕಾರವೇ ಕುಸಿದಿದ್ದರೆ ಮೈನಸ್ 77. ಒಂದು ಆಡಳಿತ ಹೋಗಿ ಇನ್ನೊಂದು ಬರುವ ನಡುವಿನ ಕಾಲವಾದರೆ ಮೈನಸ್ 88. ಇವು ಗುರುತುಗಳೇ ಹೊರತು ಅಳತೆಗಳಲ್ಲ. ಗೊತ್ತಿಲ್ಲದವನು ಸರಾಸರಿ ತೆಗೆದರೆ ಕಂಪ್ಯೂಟರು ಮರುಮಾತಿಲ್ಲದೆ ಉತ್ತರ ಕೊಡುತ್ತದೆ. ಅದಕ್ಕೆಂದೇ ತಿದ್ದಿದ ಇನ್ನೊಂದು ಕಲಮನ್ನು ಮಾಡಿದರು. ಅದರಲ್ಲಿ 66 ಇದ್ದಲ್ಲಿ ಖಾಲಿ. 88 ಇದ್ದಲ್ಲಿ ಹಿಂದಿನ ಮತ್ತು ಮುಂದಿನ ಅಂಕಗಳ ನಡುವೆ ಮೆಟ್ಟಿಲು ಕಟ್ಟಿದಂತೆ ತುಂಬುವುದು. 77 ಇದ್ದಲ್ಲಿ ಸೊನ್ನೆ. ಈ ಸೊನ್ನೆಯನ್ನು ಗಮನಿಸಬೇಕು. ಮೈನಸ್ 10ಕ್ಕೂ ಪ್ಲಸ್ 10ಕ್ಕೂ ನಟ್ಟನಡುವೆ ಇರುವುದು ಸೊನ್ನೆ. 1991ರಲ್ಲಿ ಸಿಯಾದ್ ಬರ್ರೆಯ ಪತನದ ನಂತರ ಸರ್ಕಾರವೇ ಇಲ್ಲದೆ ಉರಿದ ಸೋಮಾಲಿಯ, ಹೀಗೆ, ಅರೆ ಪ್ರಜಾಪ್ರಭುತ್ವದ ಪಕ್ಕದಲ್ಲಿ ಬಂದು ಕೂತಿತು.

ಇದು ಬರೀ ಪಂಡಿತರ ತಲೆಹರಟೆಯಾಗಿದ್ದರೆ ವಾರದ ಅಂಕಣದಲ್ಲಿ ಇದಕ್ಕೆ ಜಾಗ ಬೇಕಿರಲಿಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹಣ ಒದಗಿಸಿ, ಯಾವ ದೇಶ ಯಾವಾಗ ಕುಸಿಯಬಹುದೆಂದು ಮುನ್ನುಡಿಯಲು 1994ರಲ್ಲಿ ವಿದ್ವಾಂಸರ ತಂಡವೊಂದನ್ನು ಕಟ್ಟಿಸಿತು. ಅವರ ಕೈಗೆ ಸಿಕ್ಕ ಮುಖ್ಯ ಸಾಧನ ‘ಪಾಲಿಟಿ’. ಪೂರ್ಣ ಪ್ರಜಾಪ್ರಭುತ್ವವೂ ಅಲ್ಲದ, ಪೂರ್ಣ ಸರ್ವಾಧಿಕಾರವೂ ಅಲ್ಲದ ನಡುವಿನ ದೇಶಗಳಲ್ಲೇ ಅಂತರ್ಯುದ್ಧ ಹೆಚ್ಚು ಎಂಬ ಮಾತು ಆ ದಿನಗಳಲ್ಲಿ ಸಿದ್ಧಾಂತದಂತಾಯಿತು. 2008ರಲ್ಲಿ ಜೇಮ್ಸ್ ವ್ರೀಲೆಂಡ್ ಎಂಬ ರಾಜ್ಯಶಾಸ್ತ್ರಜ್ಞರು ಕೋಷ್ಟಕದ ಹೊಟ್ಟೆ ಬಗೆದು ನೋಡಿದರು. ನಡುವಿನ ಅಂಕ ಬರಲು ಕಾರಣವಾಗುತ್ತಿದ್ದ ಒಂದು ಕಲಮಿನ ವ್ಯಾಖ್ಯೆಯಲ್ಲೇ ಬಣಗಳ ಹಿಂಸಾಚಾರ, ಅಂತರ್ಯುದ್ಧ ಸೇರಿದ್ದವು! ಕಾದಾಡುತ್ತಿದ್ದ ದೇಶಕ್ಕೆ ನಡುವಿನ ಅಂಕ. ನಡುವಿನ ಅಂಕ ಬಂದದ್ದರಿಂದ ಕಾದಾಟವೆಂಬ ತೀರ್ಮಾನ. ಫಿಟ್ಸ್‌ಗಿಬ್ಬನ್ನರ ಪಾಯಸವೇ ಮತ್ತೆ. ಆ ಕಲಮುಗಳನ್ನು ತೆಗೆದು ಲೆಕ್ಕ ಹಾಕಿದಾಗ ಸಿದ್ಧಾಂತದ ಬಲ ಕರಗಿತು. ಸಹಾಯಧನದ ಮಾತಾದರೂ ಅಷ್ಟೇ. 2004ರಲ್ಲಿ ಅಮೆರಿಕ ಸ್ಥಾಪಿಸಿದ ಸಹಾಯಧನ ಸಂಸ್ಥೆಯೊಂದು ಬಡ ದೇಶಗಳ ಅರ್ಹತೆ ತೀರ್ಮಾನಿಸುವಾಗ ‘ಫ್ರೀಡಮ್ ಹೌಸ್’ ಅಂಕಗಳನ್ನೂ ನೋಡುವ ನಿಯಮ ಮಾಡಿಕೊಂಡಿತು.

ಈ ಎಲ್ಲ ಪಾಠ ಕಲಿತು ಹೊರಟವರು ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ‘ವಿ-ಡೆಮ್’ ತಂಡದವರು. ಇವರ ಕೋಷ್ಟಕ 1789ರಿಂದ ಆರಂಭವಾಗುತ್ತದೆ, ವಸಾಹತುಗಳಿಗೂ ಸಾಲು ಕೊಡುತ್ತದೆ. ನೂರಾರು ಪ್ರಶ್ನೆಗಳು. ಸೆನ್ಸಾರ್ ಎಷ್ಟಿದೆ, ನ್ಯಾಯಾಲಯದ ಮಾತನ್ನು ಸರ್ಕಾರ ಕೇಳುತ್ತದೆಯೆ ಎಂಬಂಥ ಒಂದೊಂದಕ್ಕೂ ಸಾಮಾನ್ಯವಾಗಿ ಐದು ಮಂದಿ ತಜ್ಞರು ಒಬ್ಬರಿಗೊಬ್ಬರು ಕಾಣದಂತೆ ಅಂಕ ಹಾಕುತ್ತಾರೆ; ಅವರಲ್ಲಿ ಬಹುಪಾಲು ಆಯಾ ದೇಶದವರೇ ಇರಬೇಕೆಂಬುದು ಉದ್ದೇಶ. ಕೆಲವು ಮೇಷ್ಟರು ಕೈಬಿಗಿ, ಕೆಲವರು ಧಾರಾಳ ಎಂಬುದು ನಮಗೆಲ್ಲ ಗೊತ್ತು. ಅದನ್ನು ಹಿಡಿಯಲು ಇವರೊಂದು ಉಪಾಯ ಮಾಡಿದ್ದಾರೆ. ಎಲ್ಲಿಯೂ ಇಲ್ಲದ ಕಲ್ಪಿತ ದೇಶವೊಂದನ್ನು ನಾಲ್ಕು ಸಾಲಿನಲ್ಲಿ ವರ್ಣಿಸಿ ಎಲ್ಲ ತಜ್ಞರಿಂದಲೂ ಅಂಕ ಹಾಕಿಸುವುದು. ಒಂದೇ ವರ್ಣನೆಗೆ ಒಬ್ಬರು ಎರಡು, ಇನ್ನೊಬ್ಬರು ಮೂರು ಕೊಟ್ಟರೆ ಅವರವರ ಕೈ ಎಷ್ಟು ಬಿಗಿ ಎಂಬುದು ತಿಳಿಯುತ್ತದೆ. ಆ ಪ್ರಕಾರ ನಿಜದ ದೇಶಗಳ ಅಂಕವನ್ನು ಗಣಿತದಿಂದ ಸರಿಹೊಂದಿಸುತ್ತಾರೆ. ಕೊನೆಗೆ ಒಂದೇ ಅಂಕ ಕೊಡದೆ, ಇಲ್ಲಿಂದ ಇಲ್ಲಿಯವರೆಗೆ ಇರಬಹುದು ಎಂಬ ಅಂದಾಜನ್ನೂ ಜೊತೆಗಿಡುತ್ತಾರೆ. ಅಂಕ ಹಾಕುವ ಕಸುಬಿನಲ್ಲಿ ಇಷ್ಟು ಪ್ರಾಮಾಣಿಕತೆ ಹಿಂದೆ ಇರಲಿಲ್ಲವೆಂದೇ ನನ್ನ ಭಾವನೆ.

ಆದರೂ ಜಗಳ ನಿಲ್ಲಲಿಲ್ಲ. 2021ರ ಮಾರ್ಚಿನಲ್ಲಿ ‘ವಿ-ಡೆಮ್’ ಭಾರತವನ್ನು ‘ಚುನಾಯಿತ ನಿರಂಕುಶಾಡಳಿತ’ದ ಪಟ್ಟಿಗೆ ಸೇರಿಸಿತು. ಅದೇ ವರ್ಷ ‘ಫ್ರೀಡಮ್ ಹೌಸ್’ 71ರಿಂದ 67ಕ್ಕಿಳಿಸಿ ಮತ್ತೆ ‘ಭಾಗಶಃ ಸ್ವತಂತ್ರ’ ಎಂದಿತು. ಕೇಂದ್ರ ಸರ್ಕಾರ ಎರಡನ್ನೂ ತಳ್ಳಿಹಾಕಿತು. 2022ರಲ್ಲಿ ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿಯ ಸಂಜೀವ್ ಸನ್ಯಾಲ್ ಮತ್ತು ಆಕಾಂಕ್ಷಾ ಅರೋರಾ ಬರೆದ ಪ್ರಬಂಧದ ಮುಖ್ಯ ಆಕ್ಷೇಪ ಇದೇ: ಹೆಸರು ಗೊತ್ತಿಲ್ಲದ ಕೆಲವೇ ತಜ್ಞರ ಅಭಿಪ್ರಾಯದ ಮೇಲೆ ಇಂದಿನ ಭಾರತವನ್ನು ತುರ್ತುಪರಿಸ್ಥಿತಿಯ ಭಾರತದ ಮಟ್ಟಕ್ಕೆ ಇಳಿಸಿದ್ದಾರೆ. ಆಕ್ಷೇಪದ ಮೊದಲ ಭಾಗದಲ್ಲಿ ತೂಕವಿದೆ. ಹೊರಗಿನ ವಿದ್ವಾಂಸರಲ್ಲೂ ಆಂಡ್ರ್ಯೂ ಲಿಟಲ್ ಮತ್ತು ಆನ್ ಮೆಂಗ್, ಆಳುವವರು ಚುನಾವಣೆಯಲ್ಲಿ ಸೋಲುವ ಪ್ರಮಾಣದಂಥ ಎಣಿಸಬಹುದಾದ ಸಂಗತಿಗಳನ್ನಷ್ಟೇ ನೋಡಿದರೆ ಜಗತ್ತಿನಲ್ಲಿ ಪ್ರಜಾಪ್ರಭುತ್ವ ಅಷ್ಟೇನೂ ಕುಸಿದಿಲ್ಲವೆಂದೂ, ತಜ್ಞರ ಮನಸ್ಸೇ ಮಬ್ಬಾಗಿರಬಹುದೆಂದೂ 2024ರಲ್ಲಿ ಪ್ರಕಟವಾದ ಲೇಖನದಲ್ಲಿ ವಾದಿಸಿದ್ದಾರೆ. ಆದರೆ ಅಭಿಪ್ರಾಯವನ್ನೆಲ್ಲ ತೆಗೆದು ಎಣಿಕೆಯೊಂದನ್ನೇ ಇಟ್ಟುಕೊಂಡರೆ ಸಿಗುವುದು ಕಟ್‌ರೈಟ್ ಮತ್ತು ವನ್ಹನೆನ್. ಬೆಂಗಳೂರು ಜೈಲಿನೊಳಗೆ ಯಾರಿದ್ದರೆಂದು ಆ ಸೂತ್ರಗಳಿಗೆ ಕಾಣುತ್ತಿರಲಿಲ್ಲ. ಕಂಡದ್ದು ಗ್ಯಾಸ್ಟಿಲ್ಲರ ಅಭಿಪ್ರಾಯಕ್ಕೆ.

ಇನ್ನೊಂದು ಬಗೆಯವರಿದ್ದಾರೆ. ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಆಡಂ ಶೆವೋರ್ಸ್ಕಿ ಮತ್ತು ಅವರ ಸಂಗಡಿಗರು 141 ದೇಶಗಳ 1950ರಿಂದ 1990ರವರೆಗಿನ ಕೋಷ್ಟಕ ಮಾಡುವಾಗ ಅಂಕವನ್ನೇ ಕೈಬಿಟ್ಟರು. ಪ್ರಜಾಪ್ರಭುತ್ವ ಇದೆ ಅಥವಾ ಇಲ್ಲ, ಎರಡೇ ಉತ್ತರ. ಆಳುವ ಪಕ್ಷ ಸೋಲಬಲ್ಲದೆ, ಸೋತರೆ ಇಳಿಯುತ್ತದೆಯೆ ಎಂಬುದೇ ಪರೀಕ್ಷೆ. ಒಂದು ಪಕ್ಷ ಎಂದೂ ಸೋತೇ ಇಲ್ಲದಿದ್ದರೆ? ಅದು ಸೋತಿದ್ದರೆ ಇಳಿಯುತ್ತಿತ್ತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಆದ್ದರಿಂದ ಅನುಮಾನದ ಲಾಭ ಕೊಡದೆ ಸರ್ವಾಧಿಕಾರವೆಂದೇ ಬರೆಯತಕ್ಕದ್ದು. ಮುಂದೆಂದಾದರೂ ಅದೇ ನಿಯಮಗಳಡಿಯಲ್ಲಿ ಸೋತು ಇಳಿದರೆ ಹಿಂದಿನ ವರ್ಷಗಳನ್ನೆಲ್ಲ ತಿದ್ದತಕ್ಕದ್ದು.

ಈ ನಿಯಮವನ್ನು ಹಿಡಿದು ಯಾರಾದರೂ 1976ರಲ್ಲಿ ಕೂತಿದ್ದರೆ, ಕೇಂದ್ರದಲ್ಲಿ ಕಾಂಗ್ರೆಸ್ ಒಮ್ಮೆಯೂ ಸೋತಿರದ ಭಾರತವನ್ನು, ನೆಹರೂ ಕಾಲವನ್ನೂ ಸೇರಿಸಿ, ಸರ್ವಾಧಿಕಾರವೆಂದೇ ಬರೆಯಬೇಕಾಗುತ್ತಿತ್ತು. 1977ರ ಮಾರ್ಚಿನಲ್ಲಿ ಇಂದಿರಾ ಗಾಂಧಿ ರಾಯ್ ಬರೇಲಿಯಲ್ಲಿ ಸೋತು, ಅಧಿಕಾರ ಬಿಟ್ಟಿಳಿದ ದಿನ ಹಿಂದಿನ ಸಾಲುಗಳ ಬಣ್ಣವೂ ಬದಲಾಗುತ್ತಿತ್ತು. (ಆ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ದೇಶಕ್ಕೊಂದೇ ಸಾಲು ಬರೆಯುವವರಿಗೆ ಇಂಥದು ತಿಳಿಯುವುದಿಲ್ಲ.)

ಈ ನಿಯಮಕ್ಕೆ ಸಿಕ್ಕಿ ಪೇಚಾಡಿದ ದೇಶವೆಂದರೆ ಆಫ್ರಿಕದ ಬೋಟ್ಸ್ವಾನ. 1966ರಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ತಪ್ಪದೆ ಚುನಾವಣೆ ನಡೆಸಿ, ‘ಪಾಲಿಟಿ’ಯವರಿಂದಲೂ ‘ಫ್ರೀಡಮ್ ಹೌಸ್’ನಿಂದಲೂ ಒಳ್ಳೆಯ ಅಂಕ ಪಡೆದರೂ, ಪ್ರತಿ ಸಲವೂ ಗೆದ್ದದ್ದು ಒಂದೇ ಪಕ್ಷವಾದ್ದರಿಂದ ಶೆವೋರ್ಸ್ಕಿಯವರ ಪಟ್ಟಿಯಲ್ಲಿ ಅದು ಸರ್ವಾಧಿಕಾರ. ತಮ್ಮ ನಿಯಮದಿಂದ ಇಂಥ ತಪ್ಪು ಆಗಬಹುದೆಂದು ಅವರೇ ಒಪ್ಪಿಕೊಂಡಿದ್ದರು. 2024ರ ಅಕ್ಟೋಬರ್ 30ರ ಚುನಾವಣೆಯಲ್ಲಿ ಬೋಟ್ಸ್ವಾನದ ಆಳುವ ಪಕ್ಷ ಐವತ್ತೆಂಟು ವರ್ಷಗಳ ನಂತರ ಸೋತಿತು. ಅಧ್ಯಕ್ಷ ಮಸಿಸಿ ಎಣಿಕೆ ಪೂರ್ತಿ ಮುಗಿಯುವ ಮುನ್ನವೇ ಸೋಲೊಪ್ಪಿ, ಡೂಮಾ ಬೊಕೊ ಅವರಿಗೆ ಅಧಿಕಾರ ಬಿಟ್ಟುಕೊಟ್ಟರು. ನಿಯಮವನ್ನು ಅಕ್ಷರಶಃ ಪಾಲಿಸುವುದಾದರೆ 1966ರಿಂದೀಚಿನ ಆ ದೇಶದ ಸಾಲುಗಳನ್ನೆಲ್ಲ ಈಗ ತಿದ್ದಬೇಕಾಗಿದೆ.